ಡೊಮೈನ್ ಅವಧಿ ಮುಗಿದರೆ ಹಕ್ಕೂ ಮುಗಿಯುತ್ತಾ?

ಶಿಕಾರಿಪುರದ ಅಡಿಕೆ ಮಾರೋಕೆ ನಾವೊಂದು ವೆಬ್‌ಸೈಟ್ ಮಾಡ್ತೀವಿ ಅಂದ್ಕೊಳ್ಳೋಣ. ಯಾರೋ ನವೀಕರಿಸದೆ ಬಿಟ್ಟ ಡಾಟ್ ಕಾಮ್ ಹೆಸರೊಂದು ಸಿಕ್ತು. ಡಿಲೀಟ್ ಆದ ಮೇಲೂ ಹಳೇ ಮಾಲೀಕರಿಗೆ ಬಿಡಿಸಿಕೊಳ್ಳೋಕೆ 30 ದಿನ ಇರುತ್ತೆ. ಇನ್ನೂ 5 ದಿನ ಕಳೆದರೆ ಹೆಸರು ಎಲ್ಲರಿಗೂ ಮುಕ್ತ. ಆದರೆ ಮುಗಿದದ್ದು ಡೊಮೈನ್ ನೋಂದಣಿ ಮಾತ್ರ, ಟ್ರೇಡ್‌ಮಾರ್ಕ್ ಅಲ್ಲ.

ಬೆಂಗಳೂರಿನ ಕೇಸ್ ನೋಡಿ. ಅಲ್ಲಿ ಅವಧಿಯ ಪ್ರಶ್ನೆ ಇರಲಿಲ್ಲ, ಹೋಲುವ ಹೆಸರಿನ ಜಗಳ. ‘ಸಿಫಿ’ಯ ಸತ್ಯಂ ಇನ್ಫೋವೇ, ಸಿಫಿನೆಟ್ ಸೊಲ್ಯೂಷನ್ಸ್ ವಿರುದ್ಧ ದಾವೆ ಹೂಡಿತು. ಸಿವಿಲ್ ಕೋರ್ಟ್ ತಡೆಯಾಜ್ಞೆ ಕೊಡ್ತು, ಹೈಕೋರ್ಟ್ ತೆಗೀತು, 2004ರಲ್ಲಿ ಸುಪ್ರೀಂ ಕೋರ್ಟ್ ಮತ್ತೆ ಕೊಡ್ತು. ಡೊಮೈನ್ ಬರೀ ವಿಳಾಸವಲ್ಲ, ವ್ಯಾಪಾರದ ಗುರುತೂ ಹೌದು ಅನ್ನೋದು ತೀರ್ಪಿನ ಸಾರ.

ಹಾಗಾಗಿ ಬೋರ್ಡು, ಪ್ಯಾಕೆಟ್ಟು ಪ್ರಿಂಟ್ ಹಾಕ್ಸೋ ಮೊದಲೇ ಟ್ರೇಡ್‌ಮಾರ್ಕ್ ರಿಜಿಸ್ಟ್ರಿಯಲ್ಲಿ ಹೆಸರು ಹುಡುಕೋಣ.