ಬೊಮ್ಮಾಯಿ ಪ್ರಕರಣ: 356ನೇ ವಿಧಿಗೆ ಬಿದ್ದ ಕಡಿವಾಣ

1989ರ ಏಪ್ರಿಲ್ 21ರಂದು ಕರ್ನಾಟಕದ ಎಸ್.ಆರ್. ಬೊಮ್ಮಾಯಿ ಸರ್ಕಾರವನ್ನು ವಜಾ ಮಾಡಿ ಸಂವಿಧಾನದ 356ನೇ ವಿಧಿಯಡಿ ರಾಷ್ಟ್ರಪತಿ ಆಳ್ವಿಕೆ ಹೇರಲಾಯಿತು. ಕೆಲವು ಶಾಸಕರು ಬೆಂಬಲ ಹಿಂಪಡೆದ ಪತ್ರಗಳೇ ರಾಜ್ಯಪಾಲ ಪಿ. ವೆಂಕಟಸುಬ್ಬಯ್ಯ ಅವರ ವರದಿಗೆ ಆಧಾರ. ಸದನದಲ್ಲೇ ಬಹುಮತ ತೋರಿಸುತ್ತೇನೆಂದ ಮುಖ್ಯಮಂತ್ರಿಗೆ ಆ ಅವಕಾಶವನ್ನೇ ಕೊಡಲಿಲ್ಲ. ಇಡೀ ಪ್ರಕರಣದ ಅನ್ಯಾಯ ಇಲ್ಲಿದೆ. ವಜಾವನ್ನು ಪ್ರಶ್ನಿಸಿದ ಅರ್ಜಿಯನ್ನು ಹೈಕೋರ್ಟ್ ತಳ್ಳಿಹಾಕಿತು.

1994ರ ಮಾರ್ಚ್ 11ರಂದು ಸುಪ್ರೀಂ ಕೋರ್ಟಿನ 9 ನ್ಯಾಯಮೂರ್ತಿಗಳ ಪೀಠ ತೀರ್ಪಿತ್ತಿತು. ಬಹುಮತದ ಪರೀಕ್ಷೆ ನಡೆಯಬೇಕಾದದ್ದು ಸದನದಲ್ಲಿ, ರಾಜಭವನದಲ್ಲಲ್ಲ. ರಾಷ್ಟ್ರಪತಿ ಆಳ್ವಿಕೆಯ ಘೋಷಣೆಯನ್ನು ನ್ಯಾಯಾಲಯ ಪರಿಶೀಲಿಸಬಹುದು. ಸಂಸತ್ತಿನ ಎರಡೂ ಸದನಗಳು ಒಪ್ಪುವ ತನಕ ವಿಧಾನಸಭೆಯನ್ನು ವಿಸರ್ಜಿಸುವಂತಿಲ್ಲ, ಅಮಾನತಿನಲ್ಲಿಡಬಹುದಷ್ಟೆ. ಜಾತ್ಯತೀತತೆ ಸಂವಿಧಾನದ ಮೂಲ ಸ್ವರೂಪದ ಭಾಗ.

ಪರೀಕ್ಷೆಗೆ ಓದುವ ಅಭ್ಯರ್ಥಿಗಳು ಹೆಚ್ಚಾಗಿ ಎಡವುವುದು 74(2)ನೇ ವಿಧಿಯಲ್ಲಿ. ಸಚಿವ ಸಂಪುಟ ರಾಷ್ಟ್ರಪತಿಗೆ ಏನು ಸಲಹೆ ಕೊಟ್ಟಿತೆಂದು ನ್ಯಾಯಾಲಯ ಕೇಳುವಂತಿಲ್ಲ. ಆ ಸಲಹೆಗೆ ಆಧಾರವಾದ ದಾಖಲೆಗಳನ್ನು ತರಿಸಿ ನೋಡಬಹುದು.

ಇದೇ ತೀರ್ಪಿನಲ್ಲಿ ಕರ್ನಾಟಕ, ನಾಗಾಲ್ಯಾಂಡ್, ಮೇಘಾಲಯದ ಘೋಷಣೆಗಳು ಅಸಾಂವಿಧಾನಿಕವೆನಿಸಿದವು. ಮಧ್ಯಪ್ರದೇಶ, ರಾಜಸ್ಥಾನ, ಹಿಮಾಚಲ ಪ್ರದೇಶಗಳ 1992ರ ಘೋಷಣೆಗಳನ್ನು ಎತ್ತಿಹಿಡಿಯಲಾಯಿತು. ಬೊಮ್ಮಾಯಿ ಅವರಿಗೆ ಕಳೆದುಹೋದ ಅಧಿಕಾರ ಮರಳಲಿಲ್ಲ; ಅಷ್ಟರೊಳಗೆ ರಾಜ್ಯ ಒಂದು ಚುನಾವಣೆಯನ್ನೇ ಕಂಡಿತ್ತು.