ಮರಳುವಷ್ಟು ಉಳಿದಿರುವಾಗಲೇ

ವಾಡಿಯಿಂದ ಸಮುದ್ರ ನೂರಾರು ಕಿಲೋಮೀಟರ್ ದೂರ. ಆದರೂ ಹಡಗಿನ ಡೆಕ್ ಮೇಲೆ ಹೆಲಿಕಾಪ್ಟರಿಗೆ ಇಂಧನ ಕೊಡುವ ಕೆಲಸದಲ್ಲಿ ನಾನು ಕಲಿತ ಪಾಠ ಈ ಜಂಕ್ಷನ್ನಿನವರಿಗೆ ತೀರ ಹೊಸದಲ್ಲ. 1874ರಲ್ಲಿ ಇಲ್ಲಿಂದ ಸಿಕಂದರಾಬಾದಿಗೆ ನಿಜಾಮರ ರೈಲು ಶುರುವಾದಾಗ, ಉಗಿ ಎಂಜಿನ್ನಿಗೆ ಎಷ್ಟೇ ಕಸುವಿದ್ದರೂ ಮುಂದಿನ ನೀರಿನ ಟಾಕಿಯವರೆಗೆ ಮಾತ್ರ ಅದರ ಓಟ. ಜನರನ್ನು ಉಳಿಸಲು ಹೊರಟ ಹೆಲಿಕಾಪ್ಟರಿನ ಪಾಡೂ ಇದೇ. ಆದರೆ ಅದರ ಟಾಕಿ ಅಲೆಗಳ ಮೇಲೆ ಹೊಯ್ದಾಡುತ್ತಿರುತ್ತದೆ, ಹೋದಾಗ ಸಿಕ್ಕೇ ಸಿಗುತ್ತದೆಂಬ ಭರವಸೆಯಿಲ್ಲ. ಆದ್ದರಿಂದ ಬಿರುಗಾಳಿಯಲ್ಲಿ ಇಂಧನಕ್ಕೆ ಹೋಗಬೇಕಾದ ಹೊತ್ತು ಯಾವುದೆಂದರೆ, ಹಡಗು ಕೈಕೊಟ್ಟರೂ ದಡ ಸೇರುವಷ್ಟು ಟ್ಯಾಂಕಿನಲ್ಲಿ ಉಳಿದಿರುವಾಗ.

ಡೆಕ್ ಚಿಕ್ಕದಿದ್ದರೆ ಅಥವಾ ವಿಪರೀತ ವಾಲುತ್ತಿದ್ದರೆ ಹೆಲಿಕಾಪ್ಟರ್ ಇಳಿಯುವಂತಿಲ್ಲ. ಆಗ ಅದು ಹಡಗಿನ ಮಗ್ಗುಲಲ್ಲೇ ಅದರ ವೇಗಕ್ಕೆ ಹೊಂದಿಕೊಂಡು ಹಾರುತ್ತ ವಿಂಚಿನ ಕೊಕ್ಕೆ ಇಳಿಬಿಡುತ್ತದೆ, ಪೈಪನ್ನು ಮೇಲೆಳೆದುಕೊಂಡು ಗಾಳಿಯಲ್ಲೇ ಇಂಧನ ತುಂಬಿಸಿಕೊಳ್ಳುತ್ತದೆ. ರೆಕ್ಕೆಗಳ ತಿರುಗಾಟದಿಂದ ಮೈತುಂಬ ವಿದ್ಯುತ್ ಸೇರಿರುವ ಕಾರಣ ಕೊಕ್ಕೆಯನ್ನು ಕೈಯಿಂದ ಹಿಡಿಯುವ ಮುನ್ನ ಅರ್ಥಿಂಗ್ ಸಲಾಕೆ ತಾಗಿಸಬೇಕು. ಇಂಧನದ ಮಾದರಿ ತೆಗೆದು ನೀರು ಬೆರೆತಿಲ್ಲವೆಂದು ಮೊದಲೇ ನೋಡಿರಬೇಕು. ಅಪಾಯ ಬಂದರೆ ಪೈಪ್ ತಟ್ಟನೆ ಕಳಚಿಕೊಳ್ಳುವ ಜೋಡಣೆಯೂ ಇರುತ್ತದೆ. ನಡುವೆ ಕೈಬಿಡಬೇಕಾಗಬಹುದೆಂದು ಈ ವಿಧಾನ ರೂಪಿಸಿದವರೇ ಒಪ್ಪಿಕೊಂಡಿದ್ದಾರೆ ಎಂಬುದಕ್ಕೆ ಆ ಜೋಡಣೆಯೇ ಸಾಕ್ಷಿ. ಹಾಗಿರುವಾಗ ಕೊನೆಯ ಹನಿ ಇಟ್ಟುಕೊಂಡು ಪೈಪಿಗೆ ಕೈಚಾಚುವುದು ಮನೆಗೆ ಬೆಂಕಿ ಬಿದ್ದಾಗ ಬಾವಿ ತೋಡಿದಂತೆ.

ಕೆಳಗೆ ಜನ ಮುಳುಗುತ್ತಿರುವಾಗ ಇಂಧನದ ಲೆಕ್ಕ ಹಾಕುತ್ತ ತಿರುಗಿ ಹೋಗುವುದು ಕ್ರೂರವಲ್ಲವೇ ಎಂದು ಕೇಳುವವರಿದ್ದಾರೆ. ಪ್ರಶ್ನೆ ಹಗುರವಾದುದಲ್ಲ. ಆದರೆ ಇಂಧನ ಮುಗಿದು ನೀರಿಗಿಳಿದ ಹೆಲಿಕಾಪ್ಟರ್ ಉಳಿಸಬೇಕಾದವರ ಪಟ್ಟಿಗೆ ತನ್ನ ಸಿಬ್ಬಂದಿಯನ್ನೂ ಸೇರಿಸುತ್ತದೆ, ಉಳಿಸುವ ಸಾಧನವೊಂದನ್ನು ಕಳೆಯುತ್ತದೆ. ದಡ ಹತ್ತಿರವಿದ್ದರೆ ಹಡಗಿನ ಇಂಧನವೇಕೆ ಎಂಬ ಮಾತಿಗೆ ನನ್ನ ತಕರಾರಿಲ್ಲ. 2021ರ ಮೇ 17ರಂದು, ತೌಕ್ತೆ ಚಂಡಮಾರುತದ ಹೊಡೆತಕ್ಕೆ ಮೂಲ್ಕಿ ಬಳಿ ಬಂಡೆಗೆ ಸಿಕ್ಕಿಕೊಂಡಿದ್ದ ಕೋರಮಂಡಲ್ ಸಪೋರ್ಟರ್ 9 ಟಗ್‌ನ 9 ಜನರಲ್ಲಿ 5 ಮಂದಿಯನ್ನು ಕರಾವಳಿ ಕಾವಲು ಪಡೆ, 4 ಮಂದಿಯನ್ನು ನೌಕಾಪಡೆಯ ಹೆಲಿಕಾಪ್ಟರ್ ಉಳಿಸಿದವು. ಅಲ್ಲಿ ಕರಾವಳಿ ಕಣ್ಣಳತೆಯಲ್ಲೇ ಇತ್ತು. ಅದೇ ದಿನ ಮುಂಬೈ ಆಚೆ ಮುಳುಗಿದ ಪಿ-305 ಬಾರ್ಜಿನಲ್ಲಿ 261 ಜನರಿದ್ದರು, ಬದುಕಿ ಬಂದವರು 186. ಅವರನ್ನು ನೀರಿನಿಂದ ಎತ್ತಿದ್ದು ಬಹುಪಾಲು ಯುದ್ಧನೌಕೆಗಳು, ಹೆಲಿಕಾಪ್ಟರಿನ ಪಾತ್ರ ಎಷ್ಟು ಎನ್ನಬಹುದು. ಆದರೆ ಚದುರಿಹೋದವರನ್ನು ಹುಡುಕುವಲ್ಲಿ ಮೇಲಿಂದ ನೋಡುವ ಕಣ್ಣಿಗೆ ಬೆಲೆಯಿದೆ, ಆ ಕಣ್ಣು ಎಷ್ಟು ಹೊತ್ತು ತೆರೆದಿರುತ್ತದೆ ಎಂಬುದು ಇಂಧನದ ಮಾತು.

ಕಾಗಿಣಾ ತುಂಬಿ ಹರಿದಾಗ ಸೇಡಂ, ಚಿತ್ತಾಪುರದ ಕಡೆ ಇಳಿಯುವ ಮೋಟಾರ್ ದೋಣಿಗೂ ಇದೇ ನಿಯಮ. ಹೊಳೆಯ ಸೆಳೆತದ ಜೊತೆ ಹೋಗುವಾಗ ಪೆಟ್ರೋಲ್ ಕಡಿಮೆ ಸಾಕು, ಎದುರೇರಿ ಬರುವಾಗ ಅದರ ಎಷ್ಟೋ ಪಾಲು ಬೇಕು. ಕ್ಯಾನ್ ಅರ್ಧವಾದ ಮೇಲೆ ತಿರುಗೋಣ ಎಂದುಕೊಂಡವನು ಆಗಲೇ ತಡಮಾಡಿರುತ್ತಾನೆ.