ಹಳೆಯ ಸರಕು ಹಡಗಿನ ದುಡಿಮೆ ಮತ್ತು ರಫ್ತುದಾರನ ಹೊಣೆ

ಕಾವೇರಿ ದಡದ ಕೊಣನೂರಿಗೂ ಕಡಲಿಗೂ ನಡುವೆ ಪಶ್ಚಿಮಘಟ್ಟವೇ ಅಡ್ಡವಿದೆ. ಆದರೂ ಈ ಸೀಮೆಯ ಹೊಗೆಸೊಪ್ಪು ರಾಮನಾಥಪುರದ ಹರಾಜು ಕಟ್ಟೆಯನ್ನು ದಾಟಿ, ಹಾಸನ ಜಿಲ್ಲೆಯ ಕಾಫಿ ನವ ಮಂಗಳೂರು ಬಂದರನ್ನು ದಾಟಿ ಪರದೇಶ ಸೇರುತ್ತವೆ. ಆದುದರಿಂದ ಹಡಗಿನ ವಯಸ್ಸೆಂಬುದು ಇಲ್ಲಿಯ ವರ್ತಕನ ಲೆಕ್ಕಪುಸ್ತಕಕ್ಕೂ ಸಂಬಂಧಪಟ್ಟ ವಿಷಯವೇ ಆಗಿದೆ.

ಸರಕು ಹಡಗೊಂದು ಸಾಮಾನ್ಯವಾಗಿ 25ರಿಂದ 30 ವರ್ಷ ದುಡಿಯುತ್ತದೆ. ಮೊದಲ ವರ್ಷಗಳಲ್ಲಿ ಒಳ್ಳೆಯ ಮಾರ್ಗ, ಒಳ್ಳೆಯ ಬಾಡಿಗೆ. ಬಳಿಕ ಮಾರಾಟ, ಹೊಸ ಹೆಸರು, ಹೊಸ ಧ್ವಜ, ಅಗ್ಗದ ಸರಕು. ವರ್ಗೀಕರಣ ಸಂಸ್ಥೆಯು 5 ವರ್ಷಕ್ಕೊಮ್ಮೆ ವಿಶೇಷ ತಪಾಸಣೆ ನಡೆಸಿ ಉಕ್ಕಿನ ಹಾಳೆಗಳ ದಪ್ಪವನ್ನು ಅಳೆಯುತ್ತದೆ. ಸವೆದ ಹಾಳೆಯನ್ನು ಬದಲಿಸುವ ಖರ್ಚು ಪ್ರತಿ ತಪಾಸಣೆಗೂ ಏರುತ್ತದೆ. ಉಪ್ಪುನೀರು ತುಂಬುವ ತೊಟ್ಟಿಗಳಿಗೆ ಮೊದಲು ತುಕ್ಕು ಹಿಡಿಯುತ್ತದೆ. ಸರಕು ಕೋಣೆಯ ಮುಚ್ಚಳಗಳ ರಬ್ಬರು ಸಡಿಲವಾಗಿ ಅಲೆಯ ನೀರು ಒಳಗಿಳಿಯುತ್ತದೆ. ಕಾಫಿ, ಹೊಗೆಸೊಪ್ಪುಗಳಂತಹ ತೇವ ಹೀರುವ ಸರಕಿಗೆ ಹಡಗು ಮುಳುಗಬೇಕೆಂದಿಲ್ಲ, ಇಷ್ಟೇ ಸಾಕು. ಬಾಡಿಗೆ ದರ ಏರಿದ್ದರೆ ಮಾಲೀಕನು ಹಳೆಯ ಹಡಗನ್ನು ಇನ್ನೂ ಓಡಿಸುತ್ತಾನೆ. ಇಳಿದರೆ ಅದು 1983ರಲ್ಲಿ ಕೆಲಸ ಆರಂಭಿಸಿದ ಗುಜರಾತಿನ ಅಲಂಗ್‌ನಂತಹ ಒಡೆಯುವ ಕಡಲ ತೀರಕ್ಕೆ ಹೋಗುತ್ತದೆ, ಅಲ್ಲಿಯ ಉಕ್ಕು ಮರುಎರಕ ಮತ್ತು ಸರಳು ತಯಾರಿಕೆಗೆ ಸಲ್ಲುತ್ತದೆ.

ಕರಾವಳಿಯಲ್ಲಿಯೇ ಒಂದು ಉದಾಹರಣೆಯಿದೆ. ಚೀನದ ತಿಯಾಂಜಿನ್‌ನಿಂದ ಲೆಬನಾನಿಗೆ ಸುಮಾರು 8,000 ಟನ್ ಉಕ್ಕಿನ ಸುರುಳಿಗಳನ್ನು ಒಯ್ಯುತ್ತಿದ್ದ ‘ಪ್ರಿನ್ಸೆಸ್ ಮಿರಾಲ್’ ಎಂಬ ಹಡಗಿಗೆ 2022ರ ಜೂನ್‌ನಲ್ಲಿ ನೀರು ನುಗ್ಗಿ, ಅದು ಉಳ್ಳಾಲದ ಸಮೀಪ ಮುಳುಗಿತು. ಭಾರತೀಯ ಕರಾವಳಿ ರಕ್ಷಣಾ ಪಡೆಯು 15 ಮಂದಿ ಸಿರಿಯನ್ ನಾವಿಕರನ್ನು ರಕ್ಷಿಸಿತು. ಸುರುಳಿಗಳು ಹಡಗಿನೊಡನೆ ನೀರಿನಲ್ಲೇ ಉಳಿದವು.

ಇಂತಹ ಪ್ರಸಂಗದಲ್ಲಿ ನಷ್ಟ ಯಾರದು? ಹಡಗು ಹೊರಡುವ ಮುನ್ನ ಅದನ್ನು ಸಮುದ್ರಯೋಗ್ಯವಾಗಿ ಇಡಲು ಮಾಲೀಕನು ತಕ್ಕ ಎಚ್ಚರ ವಹಿಸಬೇಕು; ಆದರೆ ಪ್ರಯಾಣದ ನಡುವೆ ನಾವಿಕರು ನಡೆಸಾಟದಲ್ಲಿ ಎಸಗುವ ತಪ್ಪಿಗೆ ಅವನು ಬಾಧ್ಯನಲ್ಲ. ದಾವೆ ಹೂಡಲು ಒಂದು ವರ್ಷವಷ್ಟೇ ಅವಧಿ. ಹೀಗಾಗಿ ವಿಮೆಯೇ ಮುಖ್ಯ. ವಿಮೆಗಾರರ 2001ರ ವರ್ಗೀಕರಣ ನಿಬಂಧನೆಯ ಪ್ರಕಾರ ಬಿಡಿ ಸರಕಿನ ಹಡಗು 10 ವರ್ಷ, ಇತರ ಹಡಗು 15 ವರ್ಷ ಮೀರಿದರೆ ಹೆಚ್ಚುವರಿ ಪ್ರೀಮಿಯಂ ಪ್ರಶ್ನೆ ಬರುತ್ತದೆ. ನಿಗದಿತ ಮಾರ್ಗದ ಸಾಮಾನ್ಯ ಸರಕು ಹಡಗಿಗೆ 25, ಕಂಟೇನರ್ ಹಡಗಿಗೆ 30 ವರ್ಷದವರೆಗೆ ವಿನಾಯಿತಿಯುಂಟು. ಹಡಗು ಅಯೋಗ್ಯವೆಂದು ತಿಳಿದೂ ಸರಕು ಹೇರಿದವನಿಗೆ ಪರಿಹಾರ ಸಿಗದು.

ಮತ್ತೊಂದು ಸಂಗತಿ ಹಲವರ ಗಮನಕ್ಕೆ ಬಂದಿಲ್ಲ. ಅಪಾಯದಲ್ಲಿ ಹಡಗನ್ನು ಉಳಿಸಲು ಕೆಲವು ಸರಕನ್ನು ಕಡಲಿಗೆಸೆದರೆ ಆ ನಷ್ಟವನ್ನು ಉಳಿದ ಸರಕಿನ ಒಡೆಯರೂ ಹಂಚಿಕೊಳ್ಳಬೇಕು. ತನ್ನ ಮೂಟೆ ಸುರಕ್ಷಿತವಾಗಿದ್ದರೂ ಭದ್ರತಾ ಠೇವಣಿ ಇಡದೆ ಅದು ಕೈಗೆ ಬಾರದು. ವಿಮೆ ಇದ್ದರೆ ಈ ಹೊರೆ ವಿಮೆಗಾರನಿಗೆ.

ಎಫ್.ಒ.ಬಿ. ಕರಾರಿನಲ್ಲಿ ಹಡಗನ್ನು ಆರಿಸುವವನು ಖರೀದಿದಾರ. ಸಿ.ಐ.ಎಫ್. ಕರಾರಿನಲ್ಲಿ ಆ ಕೆಲಸವೂ ವಿಮೆಯೂ ಮಾರಾಟಗಾರನದೇ. ಅಂತಹವರು ಹಡಗಿನ 7 ಅಂಕಿಯ ಐ.ಎಂ.ಒ. ಸಂಖ್ಯೆಯನ್ನು ಮುಂಗಡವಾಗಿ ಕೇಳಿ ಪಡೆಯತಕ್ಕದ್ದು. ಹೆಸರು, ಧ್ವಜ, ಮಾಲೀಕ ಎಷ್ಟು ಬಾರಿ ಬದಲಾದರೂ ಆ ಸಂಖ್ಯೆ ಬದಲಾಗುವುದಿಲ್ಲ. ನಿರ್ಮಾಣದ ವರ್ಷವನ್ನು ಅದರಿಂದಲೇ ಹುಡುಕಿ ತೆಗೆಯಬಹುದು.